ಕಾಯಬಲ್ಲ ಪತ್ರ, ಕಾಯಲಾರದ ಅರ್ಜಿ

ಶಾಸನವೊಂದನ್ನು ಓದುವಾಗ ಅದು ಹೇಳಿರುವುದರ ಜೊತೆಗೆ, ಹೇಳದೆಯೇ ಒಪ್ಪಿಕೊಂಡಿರುವುದನ್ನೂ ನಾವು ಹುಡುಕುತ್ತೇವೆ. ಅಂತರಜಾಲದಲ್ಲಿ ಯಂತ್ರಗಳ ಪರಸ್ಪರ ವ್ಯವಹಾರಕ್ಕೆ ಕ್ರಮವನ್ನು ವಿಧಿಸುವ, ಪ್ರೋಟೊಕಾಲ್ ಎಂಬ ನಿಯಮಾವಳಿಗಳನ್ನೂ ಹೀಗೆಯೇ ಓದಬೇಕೆಂಬುದು ನಮ್ಮ ಮತ. ಇದಕ್ಕೆ ಬಿಳಿಗಿರಿರಂಗನ ಬೆಟ್ಟ ತಕ್ಕ ಸ್ಥಳ. ಕಾಡಿನ ನಡುವಣ ಸೋಲಿಗರ ಪೋಡುಗಳಲ್ಲಿ ಮೊಬೈಲ್ ಸಂಪರ್ಕ ಬಂದು ಹೋಗುವ ವಸ್ತು. ಅದು ಸದಾ ಇರುವುದೆಂಬ ಊಹೆ ಅಲ್ಲಿ ಒಡನೆಯೇ ಪರೀಕ್ಷೆಗೆ ಒಳಗಾಗುತ್ತದೆ.

ಇ-ಅಂಚೆಯ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ ಅವರು 1982ರಲ್ಲಿ ಪ್ರಕಟಿಸಿದರು. ಪತ್ರವನ್ನು ಒಮ್ಮೆ ವಹಿಸಿಕೊಂಡ ಯಂತ್ರವು ಅದನ್ನು ಮುಟ್ಟಿಸಬೇಕು, ಇಲ್ಲವೇ ಮುಟ್ಟಲಿಲ್ಲವೆಂದು ತಿಳಿಸಬೇಕು. ಎದುರಿನ ಯಂತ್ರ ದೊರೆಯದಿದ್ದರೆ ಕನಿಷ್ಠ 30 ನಿಮಿಷಗಳ ಅಂತರವಿಟ್ಟು ಮತ್ತೆ ಪ್ರಯತ್ನಿಸಬೇಕು; 4-5 ದಿನಗಳಾದರೂ ಕೈಬಿಡಬಾರದು ಎಂದು 1989ರ ನಿಯಮ ಸೂಚಿಸಿತು. ವಿಳಂಬವು ಇಲ್ಲಿ ದೋಷವಲ್ಲ, ನಿರೀಕ್ಷಿತ ಸಂಗತಿ.

ಆದರೆ ಈ ದಾಖಲೆಗೂ ಕುರುಡು ಉಂಟು. ಪತ್ರವು ಇಂಗ್ಲಿಷ್ ಲಿಪಿಗೆ ಸಾಲುವ 7 ಬಿಟ್ಟುಗಳ ಸಂಕೇತದಲ್ಲಿಯೇ ಇರುವುದೆಂದು ಅದು ಭಾವಿಸಿತು. 1992ರಲ್ಲಿ ಬಂದ ಮೈಮ್ ಪದ್ಧತಿಯು ಅನ್ಯಲಿಪಿಗಳಿಗೆ ದಾರಿಮಾಡಿತಾದರೂ ಸುಂಕವನ್ನು ಬಿಡಲಿಲ್ಲ: ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ 15 ಬೈಟುಗಳಾಗುವ ‘ಬೆಟ್ಟ’ ಎಂಬ ಮಾತು, ಬೇಸ್64 ವೇಷದಲ್ಲಿ 20 ಆಗುತ್ತದೆ. ಕಳುಹಿಸಿದವನು ಯಾರೆಂದು ಪರೀಕ್ಷಿಸದ ಮೂಲವಿಧಾನವು ಸರಳತೆಯನ್ನು ಗಳಿಸಿಕೊಟ್ಟಿತು. ಸುಳ್ಳು ಪತ್ರಗಳಿಗೂ ಬಾಗಿಲು ತೆರೆಯಿತು.

ಟಿಮ್ ಬರ್ನರ್ಸ್-ಲೀ ಅವರ ಎಚ್‌ಟಿಟಿಪಿಯ ಪ್ರಥಮ ರೂಪ 1991ರದು. ಇದರ ಗ್ರಹಿಕೆ ಬೇರೆ: ಕೇಳುವವನೂ ಕೊಡುವವನೂ ಏಕಕಾಲದಲ್ಲಿ ಹಾಜರಿರಬೇಕು. ಹಿಂದಿನ ಕೋರಿಕೆಯ ನೆನಪನ್ನು ಸರ್ವರ್ ಇಟ್ಟುಕೊಳ್ಳಬೇಕಾದುದಿಲ್ಲ. ಈ ಸರಳತೆಯಿಂದಲೇ ಜಾಲ ಅಷ್ಟು ವಿಸ್ತಾರವಾಗಿ ಬೆಳೆಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪೋಡಿನ ವಿದ್ಯಾರ್ಥಿನಿಯೊಬ್ಬಳು ಕಡೆಯ ದಿನ ವಿದ್ಯಾರ್ಥಿವೇತನದ ಅರ್ಜಿಯನ್ನು ಕಳುಹಿಸಿದಳೆನ್ನೋಣ. ಉತ್ತರ ಬರುವ ಮುನ್ನ ಸಂಪರ್ಕ ಕಡಿದರೆ, ಅರ್ಜಿ ತಲುಪಿತೋ ಇಲ್ಲವೋ ಆಕೆ ಅರಿಯಳು. ಮತ್ತೆ ಕಳುಹಿಸಿದರೆ ಎರಡು ಅರ್ಜಿಗಳಾಗಬಹುದು; ಸುಮ್ಮನಿದ್ದರೆ ಒಂದೂ ಇಲ್ಲದಿರಬಹುದು.

ತಪ್ಪು ನಿಯಮಾವಳಿಯದೆನ್ನುವುದಕ್ಕಿಂತ, ಕಾಯಬಲ್ಲ ಕೆಲಸಕ್ಕೂ ಕಾಯಲಾರದ ವಿಧಾನವನ್ನು ಹಾಗೆಯೇ ಬಳಸಿದವರದೆನ್ನುವುದು ನ್ಯಾಯ. ಪರಿಹಾರ ಅಸಾಧ್ಯವಲ್ಲ: ಅರ್ಜಿಯು ಫೋನಿನಲ್ಲಿಯೇ ಒಂದು ಸಂಖ್ಯೆಯನ್ನು ಪಡೆದು ಅಲ್ಲಿಯೇ ಉಳಿದು, ಸಂಪರ್ಕ ದೊರೆತಾಗ ಹೋಗಲಿ, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಅದನ್ನು ಒಂದೇ ಎಂದೆಣಿಸಲಿ. ಇದಕ್ಕೂ ಬೆಲೆಯುಂಟು. ಸರ್ವರ್ ನೆನಪಿಡಬೇಕು, ರಸೀತಿ ತಡವಾಗುತ್ತದೆ. ಬರೆದ ವೇಳೆಯನ್ನೇ ಗಡುವಿಗೆ ಎಣಿಸಿದರೆ ಫೋನಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವವರೂ ಇರಬಹುದು. ಆದರೂ ಈ ಬೆಲೆಯನ್ನು ತೆರಬೇಕಾದವರು ಅರ್ಜಿಯನ್ನು ಕೇಳುವವರೇ ಹೊರತು ಬೆಟ್ಟದ ವಿದ್ಯಾರ್ಥಿನಿಯಲ್ಲ ಎಂಬುದು ನಮ್ಮ ನಿರ್ಣಯ.