ಗ್ರಂಥಕರ್ತೃವಿನ ಪ್ರಶ್ನೆಯೂ ಕಲಾಶಿಕ್ಷಣದ ಬೆಲೆಯೂ

ವಿಶ್ವವಿದ್ಯಾನಿಲಯದ ಕಲಾಶಿಕ್ಷಣವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಎರಡು ಮಾತುಗಳನ್ನು ಮುಂದಿಡುತ್ತಾರೆ: ಅದು ಮನಸ್ಸಿಗೆ ಸಂಸ್ಕಾರವನ್ನೀಯುತ್ತದೆ, ಪರಂಪರೆಯನ್ನು ಕಾಪಾಡುತ್ತದೆ. ಎರಡೂ ಅಸತ್ಯವಲ್ಲ. ಆದರೆ ಸಂಸ್ಕಾರವು ಪುರಾಣಶ್ರವಣದಿಂದಲೂ ದೊರೆಯಬಹುದು. ನಮ್ಮ ಗಮಕಿಗಳಲ್ಲಿ ಅನೇಕರು ಯಾವ ಪದವಿಯೂ ಇಲ್ಲದೆ ಪರಂಪರೆಯನ್ನು ಉಳಿಸಿಕೊಂಡು ಬಂದವರು. ಹಾಗಾದರೆ ವಿಶ್ವವಿದ್ಯಾನಿಲಯವೇ ಕೊಡಬೇಕಾದದ್ದು ಯಾವುದು? ಕನ್ನಡ ತರಗತಿಗಳಲ್ಲಿ ಬಹು ಪರಿಚಿತವಾದ ಒಂದು ಪ್ರಶ್ನೆಯ ಮೂಲಕ ಇದನ್ನು ವಿಚಾರಿಸುವುದು ಲೇಸೆಂದು ನಮಗೆ ತೋರುತ್ತದೆ.

ಕವಿರಾಜಮಾರ್ಗದ ಕರ್ತೃ ಯಾರು? 1898ರಲ್ಲಿ ಈ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದ ಕೆ. ಬಿ. ಪಾಠಕರು, ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನೇ ಕರ್ತೃವೆಂದು ಗ್ರಹಿಸಿದರು. ಆದರೆ ಪರಿಚ್ಛೇದಾಂತ್ಯದಲ್ಲಿ ಗ್ರಂಥವನ್ನು ನೃಪತುಂಗದೇವನಿಗೆ 'ಅನುಮತ'ವಾದುದೆಂದು ಹೇಳಿದೆ. ತಾನು ಬರೆದುದನ್ನು ತಾನೇ ಅನುಮೋದಿಸುವುದುಂಟೆ? ಇದರ ಮೇಲೆ, ಹನ್ನೊಂದನೆಯ ಶತಮಾನದ ದುರ್ಗಸಿಂಹನು ಕವಿಮಾರ್ಗವನ್ನು ಶ್ರೀವಿಜಯನ ಹೆಸರಿನೊಡನೆ ಸ್ಮರಿಸಿದ್ದಾನೆ. ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಕವಿರಾಜಮಾರ್ಗದೊಳಗೇ ಪೂರ್ವಕವಿಗಳ ಪಟ್ಟಿಯಲ್ಲಿ ಶ್ರೀವಿಜಯನ ಹೆಸರು ಬರುತ್ತದೆ. ಗ್ರಂಥಕರ್ತನು ತನ್ನನ್ನೇ ಆ ಸಾಲಿನಲ್ಲಿ ನಿಲ್ಲಿಸಿಕೊಂಡನೆ, ಅಥವಾ ಶ್ರೀವಿಜಯರು ಇಬ್ಬರಿದ್ದರೆ? ಇಂದು ಶ್ರೀವಿಜಯನ ಪಕ್ಷವೇ ಬಲವಾದುದೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ, ನಮ್ಮದೂ ಅದೇ. ಆದರೆ ಪಟ್ಟಿಯ ತೊಡಕು ಸಂಪೂರ್ಣವಾಗಿ ಕಳೆಯಿತೆಂದು ನಾವು ಹೇಳಲಾರೆವು.

ಇಲ್ಲಿ ವಿದ್ಯಾರ್ಥಿಯು ಮಾಡಬೇಕಾದ ಕೆಲಸವನ್ನು ಗಮನಿಸಬೇಕು. ಒಂದು ಕೃದಂತದ ಅರ್ಥವನ್ನು ವ್ಯಾಕರಣದಿಂದ ನಿಷ್ಕರ್ಷಿಸಬೇಕು. ಆಸ್ಥಾನಕವಿಯು ರಾಜನ ಮತವನ್ನು ತನ್ನ ಮಾತಿನಲ್ಲಿ ಹೇಳುವ ಪದ್ಧತಿಯನ್ನು ಇತಿಹಾಸದಿಂದ ತಿಳಿಯಬೇಕು. ದಂಡಿಯ ಕಾವ್ಯಾದರ್ಶವನ್ನು ಪಕ್ಕದಲ್ಲಿರಿಸಿಕೊಂಡು, ಎಲ್ಲಿ ಅನುವಾದ, ಎಲ್ಲಿ ಸ್ವತಂತ್ರ ವಿಚಾರವೆಂಬುದನ್ನು ಬೇರ್ಪಡಿಸಬೇಕು. ಇದು ಒಂದು ಮಧ್ಯಾಹ್ನದ ಕೆಲಸವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತನಗೆ ಪ್ರಿಯವಾದ ಪಕ್ಷಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಮುಚ್ಚಿಡದೆ ಎದುರಿಗಿಡಬೇಕು. ಕನ್ನಡ ದೊರೆಯೇ ಕನ್ನಡದ ಮೊದಲ ಉಪಲಬ್ಧ ಗ್ರಂಥವನ್ನು ಬರೆದನೆಂಬುದು ನಮಗೆಲ್ಲ ಹಿತವಾದ ಮಾತು. ಹಿತವಾದುದರಿಂದಲೇ ಅದನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕಾಯಿತು. ಶಾಸನವಾಗಲಿ, ಸರ್ಕಾರದ ಆಜ್ಞೆಯಾಗಲಿ, ಚುನಾವಣೆಯ ಭಾಷಣವಾಗಲಿ, ಓದುವವನಿಗೆ ಈ ಎಚ್ಚರವೇ ಬೇಕಾದದ್ದು.

ಆದರೆ ನಮ್ಮ ಪರೀಕ್ಷೆಗಳು ಕೇಳುವುದೇನು? ಕವಿರಾಜಮಾರ್ಗದ ಕರ್ತೃ ಯಾರೆಂದು, ಒಂದು ಅಂಕಕ್ಕೆ. ಹಿಂದೆ ನೃಪತುಂಗನೆಂದು ಬಾಯಿಪಾಠ ಮಾಡುತ್ತಿದ್ದವನ ಮೊಮ್ಮಗನು ಇಂದು ಶ್ರೀವಿಜಯನೆಂದು ಬಾಯಿಪಾಠ ಮಾಡಿದರೆ, ಉತ್ತರ ತಿದ್ದುಪಡಿಯಾಯಿತು, ಶಿಕ್ಷಣವಾಗಲಿಲ್ಲ. ಇಂತಹ ಕಲಾಶಿಕ್ಷಣ ನಿರುಪಯುಕ್ತವೆಂದು ಹೊರಗಿನವರು ಆಕ್ಷೇಪಿಸಿದಾಗ ನಾವು ಕೋಪಗೊಳ್ಳುವುದು ನ್ಯಾಯವಲ್ಲ. ಅವರು ನೋಡಿರುವುದು ನಮ್ಮ ಪ್ರಶ್ನಪತ್ರಿಕೆಯನ್ನು. ಸಿದ್ಧೋತ್ತರಗಳನ್ನು ಮಾರುವ ಅಂಗಡಿಗೂ ವಿಭಾಗಕ್ಕೂ ಇರುವ ಅಂತರ ಅಲ್ಲಿ ಕಾಣಿಸದು.

ಪರಿಚ್ಛೇದಾಂತ್ಯದ ವಾಕ್ಯವನ್ನೂ, ದುರ್ಗಸಿಂಹನ ಸ್ಮರಣೆಯನ್ನೂ, ಪೂರ್ವಕವಿಗಳ ಪಟ್ಟಿಯನ್ನೂ ಪ್ರಶ್ನಪತ್ರಿಕೆಯಲ್ಲೇ ಮುದ್ರಿಸಿ, ಯಾವ ಪಕ್ಷ ಬಲವಾದುದೆಂದು ಕಾರಣಸಹಿತ ನಿರೂಪಿಸಲು ಹೇಳಬಹುದು. ಪರೀಕ್ಷಕರ ಶ್ರಮ ಹೆಚ್ಚುವುದು ನಿಜ. ವಿರುದ್ಧ ನಿರ್ಣಯಕ್ಕೆ ಬಂದ ಇಬ್ಬರಿಗೂ ಸಮನಾದ ಅಂಕ ಕೊಡಬೇಕಾದ ಪ್ರಸಂಗವೂ ಒದಗೀತು. ಅದಕ್ಕೆ ಅಧ್ಯಾಪಕವರ್ಗ ಸಿದ್ಧವಾಗಿದೆಯೆ ಎಂಬುದನ್ನು ಮುಂದಿನ ಪಠ್ಯಕ್ರಮ ಸಮಿತಿಯ ಸಭೆಯಲ್ಲಿ ಮೊದಲು ಕೇಳಬೇಕು.