ಮಗ್ಗದ ಮನೆಗೆ ಆರು ಸಾಲು: ವ್ಯಾಖ್ಯಾನ

ಕೊಂಡ್ಲಹಳ್ಳಿ ಮೊಳಕಾಲ್ಮುರು ಸೀರೆಯ ಸೀಮೆಯ ಊರು. ಇಲ್ಲಿ ಮೂರು ನಾಲ್ಕು ಕೈಮಗ್ಗ ಇಟ್ಟುಕೊಂಡ ಮನೆಯೆಂದರೆ ಅದೇ ಒಂದು ಉದ್ಯಮ. ರೇಷ್ಮೆ, ಜರಿ, ಕೂಲಿ, ಸಾಲ, ಗಿರಾಕಿ ಎಲ್ಲವೂ ಒಂದೇ ಸೂರಿನಡಿ. ಅಂಥ ಮನೆಯವರು ಹೊಸ ಉಪಕರಣಕ್ಕೆ ದುಡ್ಡು ಹಾಕುವ ಮುನ್ನ ಗೋಡೆಗೆ ಅಂಟಿಸಿಕೊಳ್ಳಲಿ ಎಂದು ಆರು ಸಾಲು ಬರೆದಿದ್ದೇನೆ. ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

೧. ಮಗ್ಗ ನಿಂತ ಹೊತ್ತನ್ನು ಬರೆದಿಡಿ.

ನೇಯ್ಗೆ ನಿಧಾನವಾಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮಗ್ಗ ನಿಂತದ್ದು ಯಾತಕ್ಕೆ? ಲಾಳಿಗೆ ಹಾಕುವ ಕಂಡಿಕೆ ಸುತ್ತಿ ಮುಗಿದಿರಲಿಲ್ಲವೆ, ಬಣ್ಣ ಹಾಕಲು ಕೊಟ್ಟ ರೇಷ್ಮೆ ಬಂದಿರಲಿಲ್ಲವೆ, ಉದ್ದೆಳೆಗಳ ಹಾಸು ಮುಗಿದು ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯವಕ್ಕೆ ಒಂದೊಂದಾಗಿ ಹುರಿಮಾಡಿ ಕೂಡಿಸುವುದರಲ್ಲಿ ದಿನ ಹೋಯಿತೆ? ಮಗ್ಗದ ಪಕ್ಕದಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ ಎರಡು ಹಾಸು ಮುಗಿಯುವ ತನಕ ಬರೆದರೆ ಉತ್ತರ ಸಿಗುತ್ತದೆ. ಬಣ್ಣದ ರೇಷ್ಮೆ ತಡವಾಗುತ್ತಿದ್ದರೆ ಯಾವ ಮೋಟಾರೂ ಅದನ್ನು ಸರಿಮಾಡದು. ಮೊದಲೇ ಆರ್ಡರ್ ಕೊಡುವ ರೂಢಿ ಸಾಕು, ಅದಕ್ಕೆ ಖರ್ಚೇ ಇಲ್ಲ.

೨. ಲಾಳಿ ಕೂಡುವಲ್ಲಿ ಕೈ ಇರಲಿ.

ಆರರಲ್ಲಿ ಇದೇ ಮುಖ್ಯ ಸಾಲು. ಒಡಲು ಒಂದು ಬಣ್ಣ, ಎರಡೂ ಬದಿಯ ಅಂಚು ಇನ್ನೊಂದು ಬಣ್ಣವಾದ ಸೀರೆಗೆ ಮೂರು ಲಾಳಿ ಬೇಕು: ಒಡಲಿಗೊಂದು, ಅಂಚುಗಳಿಗೆ ಒಂದೊಂದು. ನೇಯ್ಗೆಯ ಪ್ರತಿ ಸಾಲಿನಲ್ಲೂ ಒಡಲಿನ ಎಳೆ ಅಂಚಿನ ಎಳೆಯನ್ನು ತೊಡರಿಸಿಕೊಂಡು ಹಿಂತಿರುಗಬೇಕು. ಅಂಚು ಬಿರುಕು ಬಿಡದೆ, ಸುಕ್ಕುಗಟ್ಟದೆ ಕೂರುವುದು ಆ ತೊಡರಿನಿಂದ. ಇದಕ್ಕೆ ನೇಕಾರರ ಜೊತೆ ಇನ್ನೊಂದು ಜೊತೆಗೈ ಬೇಕು. ಮನೆಯ ಹೆಂಗಸರೇ ಹೆಚ್ಚಾಗಿ ಆ ಕೆಲಸಕ್ಕೆ ಕೂರುತ್ತಾರೆ, ಅವರ ಕೂಲಿ ಮಾತ್ರ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಸುಧಾರಣೆಯ ಯೋಜನೆ ಹಾಕುವವರು ಮೊದಲು ಆ ಕೂಲಿಯನ್ನು ಸೀರೆಯ ಬೆಲೆಯೊಳಗೆ ಸೇರಿಸಲಿ. ಈಗ ಲಾಭವೆಂದು ಎಣಿಸುತ್ತಿರುವುದರಲ್ಲಿ ಎಷ್ಟು ನಿಜವಾಗಿ ಲಾಭ ಎಂಬುದು ಆಗ ಹೊರಬೀಳುತ್ತದೆ.

ಇಲ್ಲಿ ವಿದ್ಯುತ್ ಮಗ್ಗ ತಂದರೆ ಏನು ಎಂಬ ಪ್ರಶ್ನೆ ಬರುವುದು ಸಹಜ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಕಾದಿಟ್ಟಿದೆ. ಅಂಚು ಸೆರಗುಗಳಲ್ಲಿ ಹೆಚ್ಚುವರಿ ಎಳೆಯಿಂದ ವಿನ್ಯಾಸ ಮೂಡಿಸಿದ ಸೀರೆಯೂ ಅದರಲ್ಲಿ ಸೇರಿದೆ. ಕಾನೂನನ್ನು ಮೀರಿದ ಸೀರೆ ಪೇಟೆಯಲ್ಲಿ ಬೇಕಾದಷ್ಟಿದೆ, ಅದು ಗೊತ್ತಿರುವ ಸಂಗತಿ. ಆದರೆ ಆ ಸೀರೆಯ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿದ ದಿನ ಈ ಮನೆ ಸೋಲುತ್ತದೆ. ಗಿರಾಕಿ ಹೆಚ್ಚು ಹಣ ಕೊಡುವುದು ಆ ಕೈತೊಡರಿಗೇ. ಅದನ್ನೇ ಯಂತ್ರಕ್ಕೆ ಕೊಟ್ಟರೆ ಮಾರಲು ಉಳಿಯುವುದೇನು?

೩. ಮೊದಲ ಖರ್ಚು ಕಂಡಿಕೆಗೆ, ಆಮೇಲೆ ಬೆನ್ನಿಗೆ.

ಚರಕದಲ್ಲಿ ಕಂಡಿಕೆ ಸುತ್ತುವವರು ಸಾಮಾನ್ಯವಾಗಿ ಮನೆಯ ವಯಸ್ಸಾದವರು. ಸಣ್ಣ ಮೋಟಾರಿನ ಕಂಡಿಕೆ ಯಂತ್ರ ಬಂದರೆ ಅವರ ತೋಳಿನ ನೋವು ಇಳಿಯುತ್ತದೆ. ಸೀರೆಯ ಕೈಗುಣಕ್ಕೆ ಒಂದಿಷ್ಟೂ ಕುಂದಾಗದು. ಬೆನ್ನಿನ ಮಾತು ಗುಂಡಿಮಗ್ಗಕ್ಕೆ ಸಂಬಂಧಪಟ್ಟದ್ದು. ನೆಲದ ಮಟ್ಟದಲ್ಲಿ ಕೂತು ಕಾಲನ್ನು ಗುಂಡಿಗಿಳಿಸಿ ವರ್ಷಗಟ್ಟಲೆ ನೇಯ್ದ ದೇಹಕ್ಕೆ ನೆಲದ ಮೇಲೆ ನಿಲ್ಲಿಸಿದ ಚೌಕಟ್ಟಿನ ಮಗ್ಗ ಹಿತ. ಜೋರುಮಳೆ ಬಂದರೆ ಗುಂಡಿಗೆ ನೀರು ಜಿನುಗುವ ಕಾಟವೂ ತಪ್ಪುತ್ತದೆ. ಆದರೂ ಅವಸರ ಬೇಡ. ಗುಂಡಿಯ ತಂಪು ಎಳೆಯನ್ನು ಒಣಗಲು ಬಿಡುವುದಿಲ್ಲ. ಈ ಬಯಲುಸೀಮೆಯ ಬೇಸಿಗೆಯಲ್ಲಿ ಅದು ಸಣ್ಣ ಉಪಕಾರವಲ್ಲ. ಎಲ್ಲ ಮಗ್ಗ ಒಟ್ಟಿಗೆ ಬದಲಿಸದೆ, ಒಂದನ್ನು ಎತ್ತರಿಸಿ ಒಂದು ಬೇಸಿಗೆ ನೋಡಿ.

೪. ಅಟ್ಟೆ ಕಂಪ್ಯೂಟರಿಗೆ ಹೋಗಲಿ, ವಿನ್ಯಾಸ ಮನೆಯಲ್ಲೇ ಉಳಿಯಲಿ.

ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ, ಯಾವ ಎಳೆ ಏಳಬೇಕೆಂದು ತೂತಿನ ಅಟ್ಟೆಗಳಿಂದ ತಿಳಿಸುವ ಸಾಧನವೇ ಇಂದಿಗೂ ನಮ್ಮ ಮಗ್ಗಗಳ ನೆತ್ತಿಯ ಮೇಲಿದೆ. ಒಂದು ಹೊಕ್ಕಿಗೆ, ಅಂದರೆ ಒಂದು ಅಡ್ಡ ಎಳೆಗೆ, ಒಂದು ಅಟ್ಟೆ. ಅಂಗುಲಕ್ಕೆ 60 ಹೊಕ್ಕು ಬೀಳುವ ಸೀರೆಯಲ್ಲಿ 4 ಅಂಗುಲದ ಹೂಬಳ್ಳಿಗೆ 240 ಅಟ್ಟೆ ಬೇಕು. ಒಂದು ತೂತು ತಪ್ಪಿದರೆ ಆ ತಪ್ಪು ಸೀರೆಯುದ್ದಕ್ಕೂ ಮತ್ತೆ ಮತ್ತೆ ಮೂಡುತ್ತದೆ. ವಿನ್ಯಾಸವನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸುವ ಕೆಲಸವನ್ನು ಕಂಪ್ಯೂಟರಿಗೆ ಕೊಟ್ಟರೆ ನೇಯುವ ಮುನ್ನವೇ ತಪ್ಪು ತೆರೆಯ ಮೇಲೆ ಕಾಣುತ್ತದೆ. ಓದಿಕೊಂಡ ಮಗಳೋ ಮಗನೋ ಇದನ್ನು ಕಲಿತರೆ ಮಗ್ಗದ ಮನೆಯಲ್ಲೇ ಅವರಿಗೊಂದು ಜಾಗ ಸಿಕ್ಕಂತೆ. ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ ಇರುವುದು ಈ ಜಾಗದ ಮೇಲೆಯೇ. ಚಳ್ಳಕೆರೆ ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ದೊಡ್ಡ ವಿಜ್ಞಾನ ಅಷ್ಟು ಹತ್ತಿರ ಬಂದಿರುವಾಗ ಮಗ್ಗದ ಮಕ್ಕಳಿಗೆ ವಿನ್ಯಾಸ ತಂತ್ರಾಂಶ ಕಲಿಸುವುದು ದೂರದ ಮಾತಾಗಬಾರದು.

ಹಳೆಯ ಅಟ್ಟೆಗಳನ್ನು ಗುಜರಿಗೆ ಹಾಕಬೇಡಿ. ಒಂದೊಂದನ್ನೂ ಫೋಟೊ ತೆಗೆದು, ಮನೆಯಲ್ಲಿ ಅದಕ್ಕೆ ಕರೆಯುವ ಹೆಸರು ಬರೆದು, ಎರಡು ಕಡೆ ಇಡಿ. ಅಟ್ಟೆಯೇ ಬೇಡದ ಎಲೆಕ್ಟ್ರಾನಿಕ್ ಜಕಾರ್ಡ್ ಸದ್ಯಕ್ಕೆ ಕಾಯಲಿ. ಅದು ಹಳ್ಳಿಯ ಕರೆಂಟನ್ನು ನಂಬಬೇಕು, ಕೆಟ್ಟರೆ ಮೆಕ್ಯಾನಿಕ್ ಹೊರಗಿನಿಂದ ಬರಬೇಕು.

೫. ಸಹಾಯಧನ ನೋಡಿ ಯಂತ್ರ ಆರಿಸಬೇಡಿ.

ಮಗ್ಗ ಮತ್ತು ಬಿಡಿಭಾಗಗಳ ಬೆಲೆಯಲ್ಲಿ ಶೇ 90ರಷ್ಟನ್ನು ಕೇಂದ್ರವೇ ಭರಿಸುವ ಯೋಜನೆ ನೇಕಾರರಿಗಿದೆ. ಒಳ್ಳೆಯದೇ. ಆದರೆ ಮೊದಲ ಸಾಲಿನ ನೋಟ್‌ಬುಕ್ ಕೇಳದ ಯಂತ್ರ ಶೇ 10ಕ್ಕೆ ಸಿಕ್ಕರೂ ದುಬಾರಿ.

೬. ಸೀರೆಯ ಜೊತೆ ಗುರುತೂ ಹೋಗಲಿ.

ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಊರಿಗೆ ಸಿಕ್ಕ ಮಾನ್ಯತೆ ತಾನಾಗಿ ಮನೆಗೆ ಬರುವುದಿಲ್ಲ. ನೇಯುವವರು ಅಧಿಕೃತ ಬಳಕೆದಾರರೆಂದು ಚೆನ್ನೈನ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು, 10 ವರ್ಷಕ್ಕೊಮ್ಮೆ ನವೀಕರಿಸಬೇಕು. ಕೈಮಗ್ಗದ ಗುರುತು, ರೇಷ್ಮೆಯ ಶುದ್ಧತೆ ಹೇಳುವ ಸಿಲ್ಕ್ ಮಾರ್ಕ್ ಇವು ಬೇರೆ ಬೇರೆ ಕಾಗದಗಳು. ಕೈಯಲ್ಲಿರುವ ಮೊಬೈಲೇ ಇಲ್ಲಿ ದೊಡ್ಡ ಉಪಕರಣ. ಮೂರು ಲಾಳಿ ಓಡುವ ಅರ್ಧ ನಿಮಿಷದ ವಿಡಿಯೊ, ನೇಯ್ದವರ ಒಪ್ಪಿಗೆಯಿದ್ದರೆ ಅವರ ಹೆಸರು, ಮಗ್ಗಕ್ಕೆ ಹಾಸು ಏರಿದ ದಿನ, ಸೀರೆ ಇಳಿದ ದಿನ, ಇಷ್ಟನ್ನು ಗಿರಾಕಿಗೆ ಕಳಿಸಿ. ಎಷ್ಟು ದಿನದ ದುಡಿಮೆ ಎಂದು ಕಂಡವರು ಚೌಕಾಸಿ ಶುರುಮಾಡುವ ಬೆಲೆಯೇ ಬೇರೆ. ಜೊತೆಗೈಯವರ ಹೆಸರನ್ನೂ ಇದರ ಜೊತೆ ಕಳಿಸಿ.