ಅಂಗಡಿ ಪೂಜೆಗೆ ಯಾವ ಹೂ?

ದೀಪಾವಳಿ ಹತ್ತಿರ ಬಂತೆಂದರೆ ಪುತ್ತೂರಿನ ಅಡಿಕೆ ವ್ಯಾಪಾರಿಗಳು, ಸುಳ್ಯದ ರಬ್ಬರ್ ಖರೀದಿದಾರರು, ಕಡಬದ ಗೊಬ್ಬರದ ಅಂಗಡಿಯವರು ಗಿರಾಕಿಗಳಿಗೆ ಈ ಸಲ ಏನು ಕೊಡುವುದೆಂದು ಯೋಚಿಸತೊಡಗುತ್ತಾರೆ. ಕ್ಯಾಲೆಂಡರ್, ಸಿಹಿತಿಂಡಿ, ಸ್ಟೀಲಿನ ಡಬ್ಬಿಗಳ ಸಾಲಿಗೆ ಈಗ ಬೊಕೆಯೂ ಸೇರಿದೆ. ವ್ಯವಹಾರದ ನಂಟಿಗೆ ಹೂ ಕೊಡುವುದು ಬಹಳ ಒಳ್ಳೆಯ ಪದ್ಧತಿ. ಆದರೆ ಈ ಸೀಮೆಯವರಿಗೆ ಈ ಸೀಮೆಯ ಹೂವನ್ನೇ ಕೊಡಬೇಕೆಂಬುದು ನನ್ನ ಹಟ.

ಬೊಕೆಯೊಂದನ್ನು ಬಿಚ್ಚಿ ನೋಡಿ. ಜರ್ಬೆರಾದ ದಂಟು ಬಾಗದಂತೆ ತಂತಿ, ಬುಡದಲ್ಲಿ ನೀರು ಕುಡಿದ ಹಸಿರು ಸ್ಪಂಜು, ಸುತ್ತ ಮಿರುಗುವ ಪ್ಲಾಸ್ಟಿಕ್. ಘಟ್ಟದ ಮೇಲೆ ಕೊಯ್ದು ರಾತ್ರೋರಾತ್ರಿ ಕೆಳಗಿಳಿಸಿದ ಹೂ ಅದು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಅದೂ ಬರುವುದಿಲ್ಲ. ಮನೆಗೆ ತಂದ ಮೇಲೆ ಅದನ್ನು ದೇವರಿಗೆ ಏರಿಸುವಂತಿಲ್ಲ, ಮುಡಿಯುವಂತಿಲ್ಲ. ಟೀಪಾಯಿ ಮೇಲೆ ಎರಡು ದಿನ ಇದ್ದು ತೆಂಗಿನ ಬುಡ ಸೇರುತ್ತದೆ.

ಮಲ್ಲಿಗೆ ಹಾಗಲ್ಲ. ಉಡುಪಿ ಮಲ್ಲಿಗೆಯೆಂದು ಭೌಗೋಳಿಕ ಸೂಚಿಕೆ ಪಡೆದಿರುವ ಶಂಕರಪುರದ ಮಲ್ಲಿಗೆಗೆ ಕರಾವಳಿಯಲ್ಲಿ ಸಾಟಿಯಿಲ್ಲ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ 800 ಮೊಗ್ಗು ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನದಿನಕ್ಕೂ ಏರಿಳಿಯುತ್ತದೆ. ಮದುವೆಯ ಕಾಲದಲ್ಲಿ ಅಟ್ಟೆಗೆ 2000 ರೂಪಾಯಿ ದಾಟುವುದುಂಟು. ಬೆಳಿಗ್ಗೆ ಕೊಯ್ದ ಮೊಗ್ಗು ಬಿರಿಯುವುದು ಮುಸ್ಸಂಜೆಗೆ, ಸರಿಯಾಗಿ ಅಂಗಡಿ ಪೂಜೆಯ ಹೊತ್ತಿಗೆ. ಬಂದ ಹಳೆಯ ಗಿರಾಕಿಯ ಕೈಗೆ ಪಂಚಕಜ್ಜಾಯದ ಜೊತೆ ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಕೊಟ್ಟರೆ ಅದು ಆ ರಾತ್ರಿಯೇ ಮನೆಯ ಹೆಂಗಸರ ಮುಡಿಗೇರುತ್ತದೆ, ಉಳಿದದ್ದು ದೇವರ ಪಟಕ್ಕೆ. ಯಾರು ಕೊಟ್ಟರೆಂದು ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ಇದಕ್ಕಿಂತ ಒಳ್ಳೆಯ ಜಾಹೀರಾತನ್ನು ನಾನು ಕಂಡಿಲ್ಲ. ಗೌಡರ ಮನೆಗೂ ಬಂಟರ ಮನೆಗೂ ಬ್ಯಾರಿಗಳ ಮನೆಗೂ ಕ್ರೈಸ್ತರ ಮನೆಗೂ ಮಲ್ಲಿಗೆ ಸಲೀಸಾಗಿ ಹೋಗುತ್ತದೆ. ಎಲ್ಲ ಜಾತಿ ಧರ್ಮದವರೊಂದಿಗೆ ಲೇವಾದೇವಿ ಇರುವ ನಮ್ಮ ಪೇಟೆಗಳಲ್ಲಿ ಇದು ಸಣ್ಣ ಮಾತಲ್ಲ.

ಕ್ಯಾಂಪ್ಕೊದ ಚಾಕಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲೇ ಇದೆ, ಊರಿನದ್ದೇ ಬೇಕೆಂದರೆ ಚಾಕಲೇಟು ಕೊಡಬಾರದೇ ಎಂದು ಕೇಳುವವರಿದ್ದಾರೆ. ಖಂಡಿತ ಕೊಡಿ, ಮಕ್ಕಳಿಗೆ ಖುಷಿ. ಆದರೆ ಚಾಕಲೇಟನ್ನು ಹದಿನೈದು ದಿನ ಮೊದಲೇ ತರಿಸಿ ಕಪಾಟಿನಲ್ಲಿಟ್ಟು, ಪುರುಸೊತ್ತಾದಾಗ ಯಾರ ಕೈಯಲ್ಲಾದರೂ ಕಳಿಸಬಹುದು. ಮಲ್ಲಿಗೆಯನ್ನು ಅಂದೇ ಕೊಂಡು ಅಂದೇ ಮುಟ್ಟಿಸಬೇಕು. ಇವತ್ತು ತನ್ನನ್ನು ನೆನೆದು ಇವತ್ತೇ ಬಂದಿದ್ದಾರೆ ಎಂಬುದು ಪಡೆದವರಿಗೆ ತಿಳಿಯುತ್ತದೆ. ವರ್ಷವಿಡೀ ಬಾಯಿಮಾತಿನ ಮೇಲೆ, ಕಡದ ಲೆಕ್ಕದ ಮೇಲೆ ನಡೆಯುವ ವ್ಯಾಪಾರಕ್ಕೆ ಬೇಕಾದದ್ದು ಆ ನೆನಪೇ.

ಇನ್ನು ಹಿಂಗಾರ. ತುಳುವಿನಲ್ಲಿ ಪಿಂಗಾರ. ಹಾಳೆಯೊಳಗೆ ಮಡಚಿಕೊಂಡ ಅಡಿಕೆಯ ಹೂಗೊಂಚಲು, ಬಿಡಿಸಿದಾಗ ಕೆನೆಬಣ್ಣದ ಎಳೆಗಳು, ಹತ್ತಿರ ಹೋದರೆ ಮಾತ್ರ ಸಿಗುವ ಪರಿಮಳ. ಎಳೆಗಳ ಉದ್ದಕ್ಕೂ ಸಣ್ಣ ಗಂಡು ಹೂಗಳು, ಬುಡದಲ್ಲಿ ಗುಂಡಗಿನ ಹೆಣ್ಣು ಹೂಗಳು. ಕಾಯಿಯಾಗುವುದು ಈ ಬುಡದವೇ. ನಾಗನಿಗೂ ದೈವಗಳಿಗೂ ಇದು ಬೇಕೇ ಬೇಕು. ನಮ್ಮಲ್ಲಿ ಎಷ್ಟೋ ಸಭೆಗಳು ಹಿಂಗಾರ ಅರಳಿಸಿಯೇ ಉದ್ಘಾಟನೆಯಾಗುತ್ತವೆ. ಪುತ್ತೂರು, ಸುಳ್ಯದ ಗ್ರಾಮಗಳಿಂದ ರೂಪುಗೊಂಡ ಹೊಸ ತಾಲೂಕು ಕಡಬದಲ್ಲಿ ಹೊಸ ಶಾಖೆ ತೆರೆಯುವ ಬ್ಯಾಂಕಿನವರೂ ಸೊಸೈಟಿಯವರೂ ರಿಬ್ಬನ್ ಕತ್ತರಿಯನ್ನು ಬದಿಗಿಟ್ಟು ಹಿಂಗಾರ ತರಿಸಿದರೆ ಎಷ್ಟು ಚೆಂದ.

ಉಡುಗೊರೆಯಾಗಿ ಅದು ತೂಕದ್ದು. ಒಂದು ಮರ ವರ್ಷಕ್ಕೆ ಬಿಡುವುದು ಮೂರೋ ನಾಲ್ಕೋ ಗೊನೆ. ಕೊಟ್ಟ ಒಂದೊಂದು ಹಿಂಗಾರವೂ ಬೆಳೆಗಾರ ಬಿಟ್ಟುಕೊಟ್ಟ ಒಂದು ಗೊನೆ. ಹಾಗಾಗಿ ಅದನ್ನು ಯಾರಿಂದ ಯಾರಿಗೆ ಎಂದು ನೋಡಿಯೇ ಕೊಡಬೇಕು. ತೋಟದವರು ತಮ್ಮ ಕಷ್ಟಕಾಲದಲ್ಲಿ ಸಾಲ ಕೊಟ್ಟ ಸೊಸೈಟಿಗೆ, ಒಳ್ಳೆಯ ಧಾರಣೆ ಕೊಟ್ಟ ವ್ಯಾಪಾರಿಯ ಅಂಗಡಿ ಪೂಜೆಗೆ ತಂದುಕೊಟ್ಟರೆ ಅದರ ಬೆಲೆ ಇಬ್ಬರಿಗೂ ಗೊತ್ತು. ವ್ಯಾಪಾರಿಯೇ ಕೊಂಡು ಬೆಳೆಗಾರನಿಗೆ ಕೊಡುವುದು ಸಲ್ಲದು, ಅವನಿಗೆ ಮಲ್ಲಿಗೆಯೇ ಸರಿ. ಹಳದಿ ರೋಗದಿಂದ ತೋಟ ಸೊರಗಿರುವ ಸಂಪಾಜೆ, ಅರಂತೋಡಿನ ಕಡೆಯವರನ್ನು ಹಿಂಗಾರ ಕೊಡಿ ಎಂದು ಕೇಳಲೂ ಹೋಗಬಾರದು. ಮಳೆಗಾಲದಲ್ಲಿ ಅದು ಸಿಗುವುದೂ ಕಡಿಮೆ, ನಾಗರಪಂಚಮಿಗೆ ಎಲ್ಲರೂ ಹುಡುಕುವವರೇ.

2021ರಲ್ಲಿ ಬಸವರಾಜ ಬೊಮ್ಮಾಯಿ ಅವರ ಸರಕಾರ ಸರಕಾರಿ ಸಭೆಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದಿತು. ಹೂಬೆಳೆಗಾರರು ನೊಂದುಕೊಂಡರು. ಪುಸ್ತಕ ಕೊಡುವುದು ನನಗೂ ಇಷ್ಟವೇ. ಆದರೆ ವೇದಿಕೆಯ ಮೇಲೆ ಮಂತ್ರಿಗೆ ಹಾಕಿ ಮರುಗಳಿಗೆ ಮೇಜಿನ ಮೇಲೆ ತೆಗೆದಿಡುವ ಹಾರವೂ ಅಂಗಡಿಯವರು ಗಿರಾಕಿಯ ಮನೆಗೆ ಒಯ್ದ ಮಲ್ಲಿಗೆಯೂ ಒಂದೇ ಅಲ್ಲ.

ಕಚೇರಿಗೆ ಕೊಡುವುದಾದರೆ, ಮುಡಿಯುವವರೂ ಪೂಜೆ ಮಾಡುವವರೂ ಇಲ್ಲದ ಕಡೆಗೆ, ಆಂಥೂರಿಯಂ ಕೊಡಿ. ನೆರಳೂ ತೇವವೂ ಇರುವ ನಮ್ಮ ಹವೆ ಅದಕ್ಕೆ ಒಗ್ಗುತ್ತದೆ. ಕೊಯ್ದ ಹೂ ನೀರಿನಲ್ಲಿ ಎರಡು ವಾರ ಸುಲಭವಾಗಿ ನಿಲ್ಲುತ್ತದೆ, ಕುಂಡದಲ್ಲಿ ಗಿಡವನ್ನೇ ಕೊಟ್ಟರೆ ಮತ್ತೂ ಮೇಲು. ಮಲ್ಲಿಗೆ ಬೇಕಾದವರು ಮಾತ್ರ ಹೂವಿನ ಅಂಗಡಿಯವರಿಗೆ ಎರಡು ದಿನ ಮೊದಲೇ ಹೇಳಿಡಿ. ಹಬ್ಬದ ದಿನ ಮಧ್ಯಾಹ್ನ ಹೋಗಿ ಕೇಳಿದರೆ ಸಿಗುವುದು ಸೇವಂತಿಗೆ ಮತ್ತು ಅಬ್ಬಲಿಗೆ.